ಪೆದ್ದಪ್ಪನ ಬಲೆ ಮತ್ತು ನೀರುಕಾಗೆ

ವೇಮಗಲ್ ಪಕ್ಕದ ನಮ್ಮೂರ ಕೆರೆಯಲ್ಲಿ ಹದಿನೈದು ವರ್ಷ ನೀರೇ ಇರಲಿಲ್ಲ, ಬರೀ ಜಾಲಿ ಮರ. ಆಗ ಪೆದ್ದಪ್ಪ ಮಾಲೂರಿನ ಇಟ್ಟಿಗೆ ಗೂಡಿನಲ್ಲಿ ಮಣ್ಣು ಕಲಸುತ್ತಿದ್ದ. ಬೆಂಗಳೂರಿನಿಂದ ಪೈಪಿನಲ್ಲಿ ನೀರು ಬಂದು ಕೆರೆ ತುಂಬಿದ ಮೇಲೆ ಊರಿಗೆ ವಾಪಸಾಗಿ, ಐವತ್ತು ದಾಟಿದ ವಯಸ್ಸಿನಲ್ಲಿ ಮೀನು ಹಿಡಿಯಲು ಕಲಿತ. ಈಜು ಇವತ್ತಿಗೂ ಬರುವುದಿಲ್ಲ. ಥರ್ಮಾಕೋಲ್ ತೆಪ್ಪದ ಮೇಲೆ ಚಕ್ಕಳಮಕ್ಕಳ ಹಾಕಿ, ಸ್ಟೀಲ್ ತಟ್ಟೆಯಿಂದ ನೀರು ತಳ್ಳಿಕೊಂಡು ಹೋಗುತ್ತಾನೆ. ದೂರದಿಂದ ನೋಡಿದರೆ ಊಟಕ್ಕೆ ಕೂತವನು ಪಂಕ್ತಿ ಬಿಟ್ಟು ತೇಲಿಹೋದಂತೆ ಕಾಣುತ್ತದೆ.

ಸಂಜೆ ಬಲೆ ಬಿಡುವುದು, ಬೆಳಿಗ್ಗೆ ಎಂಟಕ್ಕೆ ಎತ್ತುವುದು. ಮೀನು ಕೊಳ್ಳುವ ಶಿವಕುಮಾರನ ಟೆಂಪೋ ಬರುವುದು ಎಂಟಕ್ಕೆ, ಅದಕ್ಕೇ. ಗಾಡಿ ಬಂದ ಮೇಲೆಯೇ ಟೊಮೇಟೊ ಕೀಳುವ ಊರು ನಮ್ಮದು. ಗಿಡದಲ್ಲಿದ್ದಷ್ಟು ಹೊತ್ತು ಕಾಯಿ ಕೆಡುವುದಿಲ್ಲ ತಾನೆ? ಅದೇ ನ್ಯಾಯವನ್ನು ಪೆದ್ದಪ್ಪ ಮೀನಿಗೂ ಹಚ್ಚಿದ್ದ. ನಾವೂ ಬುದ್ಧಿವಂತರ ಹಾಗೆ ತಲೆಯಾಡಿಸಿದ್ದೆವು.

ಆಗೊಂದು ಈಗೊಂದು ನೀರುಕಾಗೆ ಬಲೆಗೆ ಸಿಕ್ಕಿ ಸತ್ತಿರುತ್ತಿತ್ತು. ಮೀನಿಗಾಗಿ ಮುಳುಗುವ ಕಪ್ಪು ಹಕ್ಕಿ ಅದು. ಕತ್ತಲಲ್ಲಿ ಕಾಣದೆ ಬಿದ್ದಿರಬೇಕು ಅಂದುಕೊಂಡು ಪೆದ್ದಪ್ಪ ದಡದಲ್ಲಿ ಗುಂಡಿ ತೋಡಿ ಹೂಳುತ್ತಿದ್ದ. ಹೋದ ವರ್ಷ ಶ್ರಾವಣದಲ್ಲಿ ಸಿಕ್ಕಿದ ಹಕ್ಕಿಯ ರೆಕ್ಕೆಯೊಳಗೆ ಕೈಯಿಟ್ಟಾಗ ಇನ್ನೂ ಬೆಚ್ಚಗಿತ್ತು. ಅಂದರೆ ಅದು ಸತ್ತದ್ದು ಕತ್ತಲಲ್ಲಿ ಅಲ್ಲ, ಬೆಳಕಾದ ಮೇಲೆ, ಅವನು ದಡದಲ್ಲಿ ಬೀಡಿ ಸೇದುತ್ತಾ ಟೆಂಪೋ ಕಾಯುತ್ತಿದ್ದಾಗ.

ಪಕ್ಕದಲ್ಲೇ ನೀರಿನಲ್ಲಿ ನಿಂತ ಜಾಲಿ ಮರದ ಗೂಡಿನಲ್ಲಿ ಮೂರು ಮರಿಗಳು ಬಾಯಿ ತೆರೆದು ಅರಚುತ್ತಿದ್ದವು. ಎರಡು ದೊಡ್ಡ ಹಕ್ಕಿಗಳು ಸರದಿಯ ಮೇಲೆ ಬಂದು ಅವಕ್ಕೆ ಉಣಿಸುವುದನ್ನು ಪೆದ್ದಪ್ಪ ದಿನವೂ ನೋಡುತ್ತಿದ್ದ. ಆವತ್ತು ಬಂದದ್ದು ಒಂದೇ.

ಮಾರನೆಯ ದಿನ ಅವನು ಬೆಳಕು ಹರಿಯುವ ಮುಂಚೆಯೇ ತೆಪ್ಪದಲ್ಲಿ ಕೂತು ಕಾದ. ಬಿಸಿಲು ಬೀಳುತ್ತಿದ್ದಂತೆ ಉಳಿದ ಆ ಒಂದು ಹಕ್ಕಿ ಬಂದು, ಮೀನು ಒದ್ದಾಡುತ್ತಿದ್ದ ಬಲೆಯ ಪಕ್ಕದಲ್ಲೇ ಮುಳುಗಿತು. ಇದೂ ಹೋದರೆ ಮೂರು ಮರಿಗಳೂ ಗೂಡಿನಲ್ಲೇ ಒಣಗುತ್ತವೆ. ಪೆದ್ದಪ್ಪ ತಟ್ಟೆಯಿಂದ ನೀರು ಬಡಿದು ಓಡಿಸಿದ. ಅದು ಮತ್ತೆ ಬಂತು, ಮತ್ತೆ ಬಡಿದ. ಎಂಟರವರೆಗೂ ಇದೇ ಆಯಿತು.

ಇನ್ನು ಮೇಲೆ ನಸುಕಿನಲ್ಲೇ ಬಲೆ ಎತ್ತುತ್ತೇನೆಂದಾಗ ಶಿವಕುಮಾರ ನಕ್ಕ.

"ಎಂಟರ ತನ್ಕ ದಡದಾಗೆ ಬಿದ್ದಿದ್ರೆ ಮೆತ್ತಗಾಗೋಗ್ತವೆ ಪೆದ್ದಪ್ಪಣ್ಣ. ಆಮೇಲೆ ನಾನ್ ತಗೊಳಲ್ಲ ನೋಡು. ಒಂದ್ ಹಕ್ಕಿಗೋಸ್ಕರ ಯಾಪಾರ ಬಿಡ್ತೀಯಾ?"

ಆವತ್ತು ಪೆದ್ದಪ್ಪ ಬಲೆ ಬಿಡಲಿಲ್ಲ. ಮನೆಯಲ್ಲಿ ತಟ್ಟೆ ಮುಂದೆ ಸುಮ್ಮನೆ ಕೂತಿದ್ದ. ಹೆಂಡತಿ ಶಾಮಲಮ್ಮ ಅವನ ಅಕ್ಕನ ಮಗಳೇ, ಅಂಜಿಕೆ ಕಡಿಮೆ.

"ಏನ್ ಮಾಮಾ, ಮುದ್ದೆ ಮುರ್ದಿಲ್ಲ?"

ಎಲ್ಲವನ್ನೂ ಹೇಳಿದ. ಅವಳು ಕೇಳಿ, "ರೇಷ್ಮೆ ಹುಳು ಮನೆ ಕಿಟ್ಕಿಗೆ ಊಜಿ ನೊಣ ಬರ್ದಂಗೆ ಕಟ್ಟಿದ್ವಲ್ಲ, ಆ ಹಳೇ ಪರದೆ ಅಟ್ಟದ ಮೇಲೈತೆ. ಚೀಲ ಹೊಲ್ದು ಕೊಡ್ತೀನಿ. ಮೀನು ಅದ್ರಾಗೆ ಹಾಕಿ ದಡದಾಗೆ ನೀರಲ್ಲೇ ಇಡು. ಕುತ್ಗೆ ಸಿಕ್ಕಾಕ್ಕೊಂಡು ಎಂಟರ ತನ್ಕ ನೇತಾಡಿದ್ರೆ ನೀನಾದ್ರೂ ತಾಜಾ ಇರ್ತೀಯಾ?" ಅಂದಳು. ನಮ್ಮೂರ ಗಂಡಸರ ತಲೆಗೆ ಇದು ಯಾಕೆ ಹೊಳೆಯಲಿಲ್ಲವೋ ಗೊತ್ತಿಲ್ಲ.

ಮನೆಯ ರೇಷ್ಮೆ ಹುಳು ನಾಲ್ಕನೇ ಜ್ವರದಿಂದೆದ್ದು, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಸೊಪ್ಪಿಗೆ ಬಾಯಿ ಬಿಡುತ್ತಿದ್ದ ಹೊತ್ತು. ಅದರ ನಡುವೆ ಚೀಲ ಹೊಲಿಯಲು ಅವಳಿಗೆ ಮೂರು ದಿನ ಹಿಡಿಯಿತು. ಅಲ್ಲಿಯವರೆಗೆ ಬಲೆ ಮನೆಯಲ್ಲೇ ಇತ್ತು. ಮೂರನೆಯ ಸಂಜೆ ಬಲೆ ಬಿಟ್ಟ ಪೆದ್ದಪ್ಪ ನಾಲ್ಕನೇ ದಿನ ನಸುಕಿನಲ್ಲಿ ಅದನ್ನು ಎತ್ತಿ, ಜೀವವಿದ್ದ ಮೀನನ್ನೆಲ್ಲ ಪರದೆಯ ಚೀಲಕ್ಕೆ ತುಂಬಿ ದಡದ ನೀರಿಗೆ ಇಳಿಬಿಟ್ಟ. ಎಂಟಕ್ಕೆ ಶಿವಕುಮಾರ ಚೀಲ ಎತ್ತಿದರೆ ಕಾಟ್ಲಾ ಮೀನು ಬಾಲ ಬೀಸಿ ಅವನ ಮುಖಕ್ಕೇ ನೀರೆರಚಿತು.

"ಏನಣ್ಣ ಇದು, ಇನ್ನೂ ಒದ್ದಾಡ್ತಾವೆ! ದಿನಾ ಹಿಂಗೇ ಕೊಡು."

ಬಲೆಯಲ್ಲಿ ಸತ್ತು ನೆನೆದ ಮೀನನ್ನೇ ಅಷ್ಟು ದಿನ ಇಬ್ಬರೂ ತಾಜಾ ಅನ್ನುತ್ತಿದ್ದರು! ಪೆದ್ದಪ್ಪ ಗೂಡಿನ ಕಡೆ ನೋಡುತ್ತಿದ್ದ. ಹಕ್ಕಿ ಬಂದಿತ್ತು. ಅದರ ಕೊರಳೊಳಗೆ ಬಾಯಿಡುತ್ತಿದ್ದ ಮರಿಗಳು ಎರಡೇ.

ಆ ಎರಡೂ ಭಾದ್ರಪದದಲ್ಲಿ ರೆಕ್ಕೆ ಬಲಿತು ಹಾರಿದವು. ಅಲ್ಲಿಂದೀಚೆಗೆ ಅವನ ಬಲೆಯಲ್ಲಿ ಒಂದು ಹಕ್ಕಿಯೂ ಸತ್ತಿಲ್ಲ. ಟೀ ಅಂಗಡಿಯಲ್ಲಿ ಸಿಕ್ಕಾಗ, "ಪುಣ್ಯ ಕಟ್ಕೊಂಡೆ ಬಿಡಣ್ಣ, ಎರಡು ಮರಿ ಉಳಿಸ್ದೆ" ಅಂದೆ. ಅವನು ಗ್ಲಾಸು ಕೆಳಗಿಟ್ಟ.

"ಮೂರಿದ್ವು ಕಣೋ. ಅವುಗಳ ಅಮ್ಮನ್ನ ಕೊಂದ್ನೋ ಅಪ್ಪನ್ನ ಕೊಂದ್ನೋ, ಅದೂ ಗೊತ್ತಿಲ್ಲ ನಂಗೆ."