ಹಡಗಿನ ಪಕ್ಕ ನಿಲ್ಲುವ ಕೆಲಸ

ಅವನ ಕೆಲಸ ನಿಲ್ಲುವುದು. ಕಾವಲುಗಾರನೂ ನಿಲ್ಲುತ್ತಾನೆ, ಬಸ್ಸಿನ ಕಂಡಕ್ಟರೂ ನಿಲ್ಲುತ್ತಾನೆ, ನಿಜ. ಆದರೆ ಅವರು ನಿಂತುಕೊಂಡು ಇನ್ನೇನಾದರೂ ಮಾಡುತ್ತಾರೆ. ಇವನು ಬರೀ ನಿಲ್ಲುತ್ತಿದ್ದ. ಅದೂ ಒಡೆದ ಹಡಗಿನ ಪಕ್ಕದಲ್ಲಿ, ಪ್ಯಾಂಟು ಮಡಚಿಕೊಂಡು, ಕೆಸರಿನಲ್ಲಿ, ಲೋಕಕ್ಕೆ ಬೆನ್ನು ತೋರಿಸಿಕೊಂಡು.

ಅವನ ಅಕ್ಕನ ಗಂಡನದು ಬಂದರು ರಸ್ತೆಯಲ್ಲಿ ಒಂದು ಫೋಟೋ ಸ್ಟುಡಿಯೋ. ಮುಂದಿನ ಕೋಣೆಯಲ್ಲಿ ಪಾಸ್‌ಪೋರ್ಟ್ ಅಳತೆಯ ಮುಖಗಳು. ಹಿಂದಿನ ಕೋಣೆಯ ಗೋಡೆ ತುಂಬ ಸತ್ತ ಹಡಗುಗಳು. ಗಾಳಿಗೆ ಹುಚ್ಚು ಹಿಡಿಯುವ ತಿಂಗಳುಗಳಲ್ಲಿ ಯಾವುದಾದರೊಂದು ಹಡಗು ದಾರಿ ತಪ್ಪಿ ಬಂದು ಮರಳುದಿಬ್ಬಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಅದು ಸಿಕ್ಕಿಕೊಂಡಿತೋ ಇಲ್ಲವೋ ವಿಮೆಯವರಿಂದ ಫೋನು. ಭಾವ ಕ್ಯಾಮರಾ ಕೊರಳಿಗೆ ಹಾಕಿಕೊಂಡು ಹೊರಟರೆ ಇವನು ಸ್ಟ್ಯಾಂಡು, ಚೀಲ, ಛತ್ರಿ, ನೀರಿನ ಬಾಟಲಿ ಎಲ್ಲವನ್ನೂ ಹೊತ್ತು ಹಿಂದೆ. ಅಲ್ಲಿ ಹೊರೆ ಇಳಿಸಿ, ಹೋಗಿ ಹಡಗಿನ ಪಕ್ಕ ನಿಲ್ಲಬೇಕು. ಪಕ್ಕದಲ್ಲೊಬ್ಬ ಮನುಷ್ಯನಿಲ್ಲದಿದ್ದರೆ ಎಂಥ ಹಡಗೂ ಫೋಟೋದಲ್ಲಿ ಮಕ್ಕಳ ಆಟಿಕೆಯಂತೆ ಕಾಣುತ್ತದೆ ಎಂಬುದು ಭಾವನ ವಾದ.

"ಮುಖ ಆ ಕಡೆ ತಿರುಗಿಸೋ. ಮುಖ ಕಂಡ್ರೆ ಜನ ನಿನ್ನ ನೋಡ್ತಾರೆ, ಹಡಗು ನೋಡಲ್ಲ."

"ನನ್ನ ಮುಖಕ್ಕೆ ಅಷ್ಟು ಶಕ್ತಿ ಇದೆ ಅಂತ ಹೆಣ್ಣು ಕೊಡೋರಿಗೆ ಯಾರಾದ್ರೂ ಹೇಳ್ಬಾರ್ದಾ ಭಾವ?"

"ಮೊದ್ಲು ಹೊಟ್ಟೆ ಒಳಗೆ ಎಳ್ಕೋ."

ಬಂದರು ರಸ್ತೆಯವರು ಅವನಿಗೆ ಅಳತೆಗೋಲು ಎಂದು ಹೆಸರಿಟ್ಟರು. ಅಷ್ಟುದ್ದ ಕರೆಯಲು ಸೋಮಾರಿತನವಾಗಿ ಕೋಲು ಎಂದರು. ಅವನು ಓಗೊಟ್ಟ. ಅಲ್ಲಿಗೆ ಅದೇ ಗಟ್ಟಿಯಾಯಿತು.

ಆ ಫೋಟೋಗಳ ಒಂದೊಂದು ಪ್ರತಿ ಊರಿನ ಮ್ಯೂಸಿಯಮ್ಮಿಗೂ ಹೋಗುತ್ತಿತ್ತು. ಅಲ್ಲಿಯ ಚಿತ್ರಕಾರ್ತಿ, ಬಣ್ಣ ಮೆತ್ತಿದ ಏಪ್ರನ್ನಿನ ದಪ್ಪ ಹೆಂಗಸು, ಅವನ್ನು ನೋಡಿಕೊಂಡು ಗೋಡೆಯಗಲದ ಚಿತ್ರ ಬರೆಯುತ್ತಿದ್ದಳು. ಹಡಗಿನ ಎತ್ತರವನ್ನು ಅವಳು ಲೆಕ್ಕ ಹಾಕುತ್ತಿದ್ದುದು ಇವನ ಮೈಯಿಂದಲೇ. ಒಮ್ಮೆ ಇವನು ಅಕ್ಕನನ್ನು ಕರೆದುಕೊಂಡು ಹೋದ, ತನ್ನನ್ನು ತಾನು ಎಣ್ಣೆಬಣ್ಣದಲ್ಲಿ ತೋರಿಸಲು. ಚಿತ್ರದಲ್ಲಿ ಹಡಗಿತ್ತು, ಮೋಡವಿತ್ತು, ಹಕ್ಕಿಗಳಿದ್ದವು. ಇವನಿರಲಿಲ್ಲ.

"ಅಳತೆ ಸಿಕ್ಕಿದ ಮೇಲೆ ನಿನ್ನ ಅಳಿಸಿಬಿಡ್ತೀನಪ್ಪ," ಎಂದಳು ಚಿತ್ರಕಾರ್ತಿ, ಸಂಕೋಚವೇ ಇಲ್ಲದೆ. "ಅಲ್ಲಿ ನೋಡು, ಆ ಬಂಡೆ. ಅದರ ಕೆಳಗೆ ಇದೀಯ."

ಅಕ್ಕ ಬಂಡೆಯನ್ನೇ ಸ್ವಲ್ಪ ಹೊತ್ತು ನೋಡಿ, "ಹೋಲಿಕೆ ಇದೆ," ಎಂದಳು.

ವರ್ಷಗಳು ಹೀಗೆ ನಿಂತುಕೊಂಡೇ ಕಳೆದವು. ಉಪ್ಪುನೀರಿಗೆ ಬೆರಳ ಸಂದಿಗಳು ಬಿರಿದವು. ಮಲಗಿದರೂ ಕಾಲು ನಿಂತೇ ಇದ್ದಂತೆ ಸೆಳೆಯುತ್ತಿತ್ತು. ಕೊನೆಗೆ ಯಾರಿಗೂ ಹೇಳದೆ ಐಸ್ ಫ್ಯಾಕ್ಟರಿಯ ಆಫೀಸಿಗೆ ಅರ್ಜಿ ಹಾಕಿದ. ಅವರು ಕರೆದರು, ಮಾತಾಡಿಸಿದರು, ಸೋಮವಾರದಿಂದ ಬಾ ಎಂದರು. ಏನು ಕೆಲಸ ಎಂದು ಅವನು ಸರಿಯಾಗಿ ಕೇಳಿಸಿಕೊಳ್ಳಲೇ ಇಲ್ಲ. ಅವನ ಕಣ್ಣೆಲ್ಲ ಮೇಜಿನ ಹಿಂದಿದ್ದ ಕುರ್ಚಿಯ ಮೇಲಿತ್ತು. ಕೈ ಇತ್ತು, ಮೆತ್ತೆ ಇತ್ತು, ಚಕ್ರ ಬೇರೆ ಇತ್ತು.

ಉಳಿದದ್ದು ಒಂದೇ: ಭಾವನಿಗೆ ಹೇಳಬೇಕು. ಅಪ್ಪ ಹೋದ ಮೇಲೆ ಓದಿಸಿದವರು, ಉಣ್ಣಲಿಕ್ಕಿದವರು, ಓದು ತಲೆಗೆ ಹತ್ತದಿದ್ದಾಗ ಬೈಯದೆ ಸ್ಟ್ಯಾಂಡು ಕೈಗೆ ಕೊಟ್ಟವರು. ಬಾಯಿ ತೆರೆದಾಗಲೆಲ್ಲ ಆಕಳಿಕೆ ಬರುತ್ತಿತ್ತೇ ಹೊರತು ಮಾತು ಬರುತ್ತಿರಲಿಲ್ಲ.

"ಅಕ್ಕಾ, ನೀನೇ ಒಂದು ಮಾತು ಹಾಕೇ."

"ನಾನ್ಯಾಕೆ ಹಾಕ್ಲಿ? ನಿನ್ನ ಬಾಯಿಗೇನು ಬೀಗ ಜಡಿದಿದ್ಯಾ?" ಅಕ್ಕ ಪಾತ್ರೆ ತಿಕ್ಕುತ್ತಲೇ ಹೇಳಿದಳು. "ಈ ಮನೇಲಿ ಎಲ್ರಿಗೂ ನಾನೇ ಬಾಯಿ. ಸಾಕಾಗಿದೆ ನಂಗೆ."

ಶನಿವಾರ ಬೆಳಿಗ್ಗೆ ಫೋನು ಬಂತು. ಸಿಮೆಂಟು ತುಂಬಿದ್ದ ಸಣ್ಣ ಹಡಗೊಂದು ದಿಬ್ಬಕ್ಕೆ ಹತ್ತಿ ನಡು ಮುರಿದುಕೊಂಡಿತ್ತು. ಜನರೆಲ್ಲ ಉಳಿದಿದ್ದರು, ಹಡಗು ಉಳಿದಿರಲಿಲ್ಲ. ನೀರು ಇಳಿದಾಗ ಇಬ್ಬರೂ ಹೋದರು. ದಾರಿಯುದ್ದಕ್ಕೂ ಇವನು ‘ಭಾವಾ, ಒಂದು ವಿಷಯ’ ಎಂದು ಮನಸ್ಸಿನಲ್ಲೇ ತಾಲೀಮು ನಡೆಸಿದ. ಯಾವಾಗಲೂ ಮುಂದೆ ನಡೆಯುವ ಭಾವ ಇವತ್ತು ಇವನ ಹಿಂದೆಯೇ ಹೆಜ್ಜೆ ಇಟ್ಟರು.

ದಿಬ್ಬದ ಹತ್ತಿರ ಬಂದು ಅವರು ಕ್ಯಾಮರಾ ಕೊರಳಿಂದ ತೆಗೆದು ಇವನ ಕೈಗಿಟ್ಟರು.

"ಇವತ್ತು ನೀನೇ ತೆಗಿ. ನಂಗೆ ಸೊಂಟ ಹಿಡ್ಕೊಂಡಿದೆ."

"ಸೊಂಟ ಹಿಡ್ಕೊಂಡೋರು ಕೆಸರಲ್ಲಿ ನಿಲ್ತೀರಾ?"

"ನಿಲ್ಲೋದೇನು ಮಹಾ ಕೆಲ್ಸ? ಇಷ್ಟು ವರ್ಷ ನೀನೇ ಮಾಡ್ಲಿಲ್ವಾ?"

ಭಾವ ಪ್ಯಾಂಟು ಮಡಚಿ ಹೊರಟರು. ಇವನು ಸ್ಟ್ಯಾಂಡು ನೆಟ್ಟು, ಕಣ್ಣು ಹಚ್ಚಿ ನೋಡಿದ. ಅವರು ಕಾಲಿನಿಂದ ನೆಲ ತಡವುತ್ತ ಹೋಗುತ್ತಿದ್ದರು. ತೊಡೆಗಾತ್ರದ ಲಂಗರು ಸರಪಳಿ ಅಡ್ಡ ಬಿದ್ದಿತ್ತು. ಅದನ್ನು ಎಡವಿ, ಸಾವರಿಸಿಕೊಂಡು, ಯಾರೂ ನೋಡಲಿಲ್ಲವೆಂಬಂತೆ ಅಂಗಿ ಕೊಡವಿಕೊಂಡರು.

"ಎಡಕ್ಕೆ ಭಾವ! ಚುಕ್ಕಾಣಿ ಪಕ್ಕ!"

"ಚುಕ್ಕಾಣಿ ಪಕ್ಕನೇ ಇದೀನಲ್ಲೋ!"

ಅವರು ಕೈಯೂರಿಕೊಂಡು ನಿಂತಿದ್ದುದು ಮರಳಲ್ಲಿ ನೆಟ್ಟಗೆ ಹೂತಿದ್ದ ಒಂದು ಒಡಕು ಹಲಗೆಗೆ. ಚುಕ್ಕಾಣಿ ಅಲ್ಲಿಂದ ಒಂದು ಅಂಗಳದಷ್ಟು ದೂರ, ಆಳೆತ್ತರಕ್ಕೂ ಮೀರಿ, ತುಕ್ಕಿನಿಂದ ಕೆಂಪಗೆ ಎದ್ದು ನಿಂತಿತ್ತು.

ಅವನಿಗೆ ಒಂದೊಂದೇ ನೆನಪಾಗತೊಡಗಿತು. ತಾನೇ ಫೋಕಸ್ ಮಾಡಿಕೊಳ್ಳುವ ಕ್ಯಾಮರಾಗಳನ್ನು ಜೀವಮಾನವಿಡೀ ಬೈಯುತ್ತಿದ್ದ ಭಾವ ಮೊನ್ನೆ ಮೊನ್ನೆ ಅಂಥದ್ದೇ ಒಂದನ್ನು ತಂದು, "ಕಾಲಕ್ಕೆ ತಕ್ಕ ಹಾಗಿರ್ಬೇಕು ಕಣೋ" ಎಂದಿದ್ದರು. ಕನ್ನಡಕ ಮನೆಯಲ್ಲೇ ಮರೆತೆ ಎಂದು ಬಂದ ಕಾಗದಗಳನ್ನೆಲ್ಲ ಇವನಿಂದ ಓದಿಸುತ್ತಿದ್ದರು. ಕನ್ನಡಕ ಮೂಗಿನ ಮೇಲಿದ್ದಾಗಲೂ ಒಮ್ಮೆ ಹಾಗೆಂದಿದ್ದರು. ಇವನು ಅದನ್ನೇ ರಸ್ತೆಯಲ್ಲೆಲ್ಲ ಹೇಳಿಕೊಂಡು ನಕ್ಕಿದ್ದ. ಅಳತೆಗೋಲಿಗೆ ಎಲ್ಲದರ ಅಳತೆಯೂ ಗೊತ್ತಿತ್ತು, ಪಕ್ಕದ ಮನುಷ್ಯನದೊಂದು ಬಿಟ್ಟು.

"ಸರಿ ಇದೆಯೇನೋ?" ಭಾವ ಕೂಗಿದರು.

"ಸರಿಯಾಗಿದೆ ಭಾವ. ಅಲ್ಲೇ ಇರಿ, ಅಲ್ಲಾಡ್ಬೇಡಿ."

ಅವನು ಸ್ಟ್ಯಾಂಡನ್ನು ಕಿತ್ತು, ಸದ್ದಾಗದಂತೆ ಕೆಸರಿನಲ್ಲಿ ಎಳೆದುಕೊಂಡು ಪಕ್ಕಕ್ಕೆ ಸರಿದ. ಇನ್ನೂ ಸ್ವಲ್ಪ ಸರಿದ. ಕ್ಯಾಮರಾದೊಳಗೆ ಹಲಗೆಯೂ ಭಾವನೂ ಮುರಿದ ಹಡಗಿನ ನಡುವಿಗೆ ಬಂದು ಕೂರುವವರೆಗೆ ಸರಿದ. ಆಗ ಭಾವ, ಇಷ್ಟು ವರ್ಷ ತಾವೇ ಹಾಕಿದ್ದ ನಿಯಮ ಮುರಿದು, ಮುಖವನ್ನು ಈ ಕಡೆ ತಿರುಗಿಸಿದರು.

"ಇದೊಂದ್ರಲ್ಲಿ ಮುಖ ಬರ್ಲಿ ಬಿಡೋ," ಎಂದರು.

ಅವರು ನಗುತ್ತಿದ್ದುದು ಕ್ಯಾಮರಾ ಮೊದಲಿದ್ದ ಜಾಗದತ್ತ. ಈಗ ಅಲ್ಲಿ ಸ್ಟ್ಯಾಂಡಿನ ಕಾಲು ಊರಿದ್ದ ತೂತುಗಳಲ್ಲಿ ನೀರು ತುಂಬಿಕೊಳ್ಳುತ್ತಿತ್ತು. ಇವನು ಗುಂಡಿ ಒತ್ತಿದ. ಇನ್ನೂ ಕೆಲವು ತೆಗೆದ, ವಿಮೆಯವರಿಗೆ ಬೇಕಾದಂತೆ ಪಕ್ಕೆ, ಬಿರುಕು, ಹೆಸರು.

ವಾಪಸ್ಸು ಬರುವಾಗ ಇವನು ಭಾವನ ಮೊಣಕೈ ಹಿಡಿದುಕೊಂಡ. ಅವರು ಬಿಡಿಸಿಕೊಳ್ಳಲಿಲ್ಲ.

"ಯಾವಾಗಿಂದ?"

"ಡಾಕ್ಟ್ರು ಹೋದ ವರ್ಷವೇ ಹೇಳಿದ್ರು. ಹೋದ ದೃಷ್ಟಿ ಬರಲ್ಲ, ಇರೋದೂ ಮೆಲ್ಲಗೆ ಹೋಗುತ್ತೆ ಅಂತ." ಸ್ವಲ್ಪ ದೂರ ನಡೆದು, "ಅವಂಗೆ ನೀನೇ ಹೇಳೇ ಅಂತ ನಿಮ್ಮಕ್ಕಂಗೆ ಅಂದೆ. ನೀವೇ ಹೇಳ್ಕೊಳ್ಳಿ ಅಂದ್ಳು."

ಇವನು ನಿಂತುಬಿಟ್ಟ. "ನಂಗೂ ಅದನ್ನೇ ಅಂದ್ಳು."

"ನಿಂದೇನು?"

ಅವನು ಐಸ್ ಫ್ಯಾಕ್ಟರಿಯ ಕಥೆ ಹೇಳಿದ. ತಾಲೀಮು ಮಾಡಿದ್ದರಲ್ಲಿ ಒಂದು ಮಾತೂ ಬಾಯಿಗೆ ಬರಲಿಲ್ಲ. ಕುರ್ಚಿಯ ಚಕ್ರದ ಬಗ್ಗೆ ಮಾತ್ರ ವಿವರವಾಗಿ ಬಂತು. ಭಾವ ಪೂರ್ತಿ ಕೇಳಿದರು.

"ಹೋಗು ಮತ್ತೆ. ಒಳ್ಳೇ ಕೆಲ್ಸ. ಹಡಗಿನ ಕೆಲ್ಸ ಬಿಟ್ಟುಬಿಡೋಣ. ಪಾಸ್‌ಪೋರ್ಟ್ ಫೋಟೋ ಹೇಗೋ ನಡೆಯುತ್ತೆ, ಮುಖ ಎಲ್ಲಿದೆ ಅಂತ ಕೈಯಿಂದ್ಲೂ ಹುಡುಕ್ಬೋದು."

"ಹುಡುಕಿಸ್ಕೊಳ್ಳೋರು ಬೇಡ್ವಾ?"

ಇಬ್ಬರೂ ನಕ್ಕರು, ಆದರೆ ಇಬ್ಬರಿಗೂ ದಣಿವಾಗಿತ್ತು. ನಗು ರಸ್ತೆ ಮುಟ್ಟುವ ಮೊದಲೇ ನಿಂತಿತು.

ಭಾನುವಾರವಿಡೀ ಅವನು ಹಿಂದಿನ ಕೋಣೆಯಲ್ಲಿ ಭಾವನ ಮುಖವಿದ್ದ ಆ ಫೋಟೋ ನೋಡುತ್ತ ಕುಳಿತ. ಭಾವನ ಮೇಲಿನ ಕನಿಕರದಿಂದ ಮನಸ್ಸು ಬದಲಾಯಿತು ಎಂದು ಹೇಳಿಕೊಂಡರೆ ಚೆನ್ನಾಗಿತ್ತು. ಆದರೆ ಅವನನ್ನು ಕಾಡುತ್ತಿದ್ದುದರಲ್ಲಿ ಅರ್ಧ ಭಾಗ ಆ ಸ್ಟ್ಯಾಂಡು ಎಳೆದುಕೊಂಡು ಹೋದ ದಾರಿ. ಎಲ್ಲಿ ನಿಲ್ಲಬೇಕೆಂದು ಮೊದಲ ಸಲ ತಾನೇ ತೀರ್ಮಾನಿಸಿದ್ದ, ಮತ್ತು ಜಾಗ ಸರಿಯಾಗಿತ್ತು.

ಸೋಮವಾರ ಐಸ್ ಫ್ಯಾಕ್ಟರಿಗೆ ಫೋನು ಮಾಡಿ ಬರುವುದಿಲ್ಲವೆಂದ. ಕಾರಣ ಕೇಳಿದರೆ ಹೇಳೋಣವೆಂದು ದೊಡ್ಡ ಮಾತುಗಳನ್ನು ಜೋಡಿಸಿಟ್ಟುಕೊಂಡಿದ್ದ. ಅವರು "ಆಯ್ತು" ಎಂದು ಇಟ್ಟುಬಿಟ್ಟರು. ಅವನ ತ್ಯಾಗಕ್ಕೆ ಒಂದು ಸೀನು ಸೀನುವಷ್ಟೂ ಹೊತ್ತು ಹಿಡಿಯಲಿಲ್ಲ.

"ಮುಠ್ಠಾಳ," ಎಂದಳು ಅಕ್ಕ, ಸೆರಗಿನಿಂದ ಮೂಗು ಒರೆಸಿಕೊಂಡು. "ನಿನ್ನ ಕಾಲಿಗೆ ಹಚ್ಚೋಕೆ ಎಣ್ಣೆ ಎಲ್ಲಿಂದ ತರ್ಲಿ?"

ಸ್ಟುಡಿಯೋದಲ್ಲಿ ಭಾವ ಮೊದಲೇ ಬಂದು ಕುಳಿತಿದ್ದರು. ಐಸ್ ಫ್ಯಾಕ್ಟರಿ ಬೇಡವೆಂದ ಸುದ್ದಿಗೆ ಹ್ಞೂಂ ಎಂದರಷ್ಟೆ. ಆಮೇಲೆ ಲೆನ್ಸನ್ನು ಕೈಗೆತ್ತಿಕೊಂಡು, ಕಿವಿಗೆ ಹಿಡಿದು, ಅದರ ಬಳೆಯನ್ನು ಮೆಲ್ಲಗೆ ತಿರುಗಿಸಿದರು. ಇವನ ಕಿವಿಗೂ ಹಿಡಿದರು. ತೀರಾ ಸಣ್ಣಗೆ, ಹಲ್ಲಿನಡಿ ಸಿಕ್ಕ ಕಲ್ಲಿನಂತೆ, ಕರಕರ ಎಂದಿತು.

"ಮರಳು. ಶನಿವಾರದ್ದು. ಇದನ್ನ ತೆಗೀದೆ ಮುಂದಿನ ಪಾಠ ಇಲ್ಲ," ಎಂದು ಗಾಳಿ ಹೊಡೆಯುವ ರಬ್ಬರ್ ಬುರುಡೆಯನ್ನು ಅವನ ಕಡೆ ತಳ್ಳಿದರು.

ಅವನು ಸ್ಟೂಲೆಳೆದುಕೊಂಡು ಒತ್ತಿದ, ಒತ್ತಿದ, ಹೆಬ್ಬೆರಳು ಮರಗಟ್ಟುವವರೆಗೆ ಒತ್ತಿದ. ಭಾವ ಮತ್ತೆ ಲೆನ್ಸನ್ನು ಕಿವಿಗೆ ಹಿಡಿದು, ಕಣ್ಣು ಮುಚ್ಚಿ ಕೇಳಿದರು.

"ಇನ್ನೂ ಇದೆ," ಎಂದರು.