ಮೇಷ್ಟ್ರ ಎರಡನೇ ಗೇರು

ಕಳೆದ ವಾರ ಚಿಕ್ಕಬಳ್ಳಾಪುರದ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ನಡೆದು ಹೋಗುತ್ತಿದ್ದೆ. ಗ್ಯಾರೇಜೊಂದರ ಮುಂದೆ ಯಾವುದೋ ವ್ಯಾನಿನ ಗೇರ್‌ಬಾಕ್ಸ್ ಬಿಚ್ಚಿ, ಹಳೇ ಎಣ್ಣೆಯನ್ನು ತಗಡಿನ ತಟ್ಟೆಗೆ ಬಸಿಯುತ್ತಿದ್ದರು. ಗೇರ್ ಎಣ್ಣೆಗೆ ಒಂದು ವಾಸನೆಯಿದೆ, ಕೊಳೆತ ಬೆಳ್ಳುಳ್ಳಿಗೆ ಗಂಧಕ ಬೆರೆಸಿದ ಹಾಗೆ. ಅದು ಮೂಗಿಗೆ ಬಡಿದದ್ದೇ ಎದೆ ಹೊಡೆದುಕೊಳ್ಳತೊಡಗಿತು. ಯಾಕೆಂದು ನನಗೇ ತಿಳಿಯಲಿಲ್ಲ. ಆಮೇಲೆ ಮೇಷ್ಟ್ರು ನೆನಪಾದರು…

ಆಗ ನಾನು ಗೌರಿಬಿದನೂರಿನಲ್ಲಿ, ರಕ್ತ ಪರೀಕ್ಷೆಯ ಲ್ಯಾಬೊಂದರಲ್ಲಿ ಟೆಕ್ನಿಷಿಯನ್ ಆಗಿದ್ದೆ. ರೈಲ್ವೆ ಗೇಟಿನ ಆಚೆ ಮಹಡಿಯ ಮೇಲೊಂದು ರೂಮು ಬಾಡಿಗೆಗೆ ಸಿಕ್ಕಿತ್ತು. ಕೆಳಗೆ ಮನೆಯ ಮಾಲೀಕರು. ಐಟಿಐಯಲ್ಲಿ ಮೋಟಾರು ಕೆಲಸ ಕಲಿಸಿ ನಿವೃತ್ತರಾದವರು, ಬೀದಿಗೆಲ್ಲ ಮೇಷ್ಟ್ರು. ಅವರ ಹೆಂಡತಿಯನ್ನು ನಾನು ಅಮ್ಮ ಎನ್ನುತ್ತಿದ್ದೆ. ಹಿಂದೂಪುರದ ಕಡೆಯವರು. ಗಾಬರಿಯಾದರೆ ಅವರ ಬಾಯಲ್ಲಿ ತೆಲುಗು ಬರುತ್ತಿತ್ತು.

ಹಿತ್ತಲಿನ ಷೆಡ್ಡಿನಲ್ಲಿ ಎರಡೇ ಸೀಟಿನ ಹಳೆಯ ವಿಲಾಯತಿ ಸ್ಪೋರ್ಟ್ಸ್ ಕಾರಿತ್ತು. ಯಾರೋ ಗುಜರಿಗೆ ಹಾಕಲಿದ್ದುದನ್ನು ಮೇಷ್ಟ್ರು ತಂದು ಜೀವ ಕೊಟ್ಟಿದ್ದರು. ಒಂದು ಭಾನುವಾರ ಗಂಡ ಹೆಂಡತಿ ಅದರಲ್ಲೇ ನಂದಿಬೆಟ್ಟಕ್ಕೆ ಹೋಗಿದ್ದರಂತೆ. ಇಳಿಯುವಾಗ, ತಿರುವಿನಲ್ಲಿ, ಕಾರಿನ ವೇಗ ತಡೆಯಬೇಕಾದ ಎರಡನೇ ಗೇರು ತಾನಾಗಿಯೇ ಕಳಚಿಕೊಂಡಿತು. ಕಾದ ಬ್ರೇಕು ಹಿಡಿಯಲಿಲ್ಲ. ಕಾರು ಎಡಗಡೆಯ ಕಲ್ಲುಗೋಡೆಗೆ ಉಜ್ಜಿಕೊಂಡು ನಿಂತಿತು. ಮೇಷ್ಟ್ರಿಗೆ ಒಂದು ಗಾಯವೂ ಆಗಲಿಲ್ಲ. ಅಮ್ಮನ ಎಡಭುಜದ ಮೂಳೆ ಮುರಿಯಿತು. ಆಮೇಲೆ ಆ ಕೈ ಭುಜದಿಂದ ಮೇಲೇಳಲೇ ಇಲ್ಲ. ಅಟ್ಟದ ಡಬ್ಬಿಗಳನ್ನು ಮೇಷ್ಟ್ರೇ ಇಳಿಸಿಕೊಡುತ್ತಿದ್ದರು, ಅವರು ಕೇಳುವ ಮೊದಲೇ.

ನಾನು ಅಲ್ಲಿಗೆ ಹೋಗುವ ಹೊತ್ತಿಗೆ ಅವರ ಕಣ್ಣಿನ ನರ ಒಣಗತೊಡಗಿತ್ತು. ಸುತ್ತಲಿನಿಂದ ಕತ್ತಲು ಒತ್ತಿಕೊಂಡು ಬರುತ್ತಿದೆ, ಹೋದ ದೃಷ್ಟಿ ವಾಪಸು ಬರುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅದಾದ ಮೇಲೆಯೇ ಮೇಷ್ಟ್ರು ಆ ಗೇರ್‌ಬಾಕ್ಸನ್ನು ಇಳಿಸಿ ಬಿಚ್ಚಲು ಕೂತದ್ದು. ಕಣ್ಣಿರುವಾಗಲೇ ಆ ಎರಡನೇ ಗೇರನ್ನು ಸರಿಮಾಡಿ, ಹೆಂಡತಿಯನ್ನು ಇನ್ನೊಂದು ಸಲ ಅದರಲ್ಲಿ ಕೂರಿಸಬೇಕೆಂಬ ಹಟ.

ಲ್ಯಾಬು ಮುಗಿಸಿ ಬಂದ ಮೇಲೆ ನಾನು ಅವರಿಗೆ ಕಣ್ಣಾಗುತ್ತಿದ್ದೆ. ಗೇರಿನ ಚಕ್ರಗಳಲ್ಲಿ ಸವೆದ ಹಲ್ಲಿಗೂ ಸವೆಯದ ಹಲ್ಲಿಗೂ ವ್ಯತ್ಯಾಸ ಹೇಳುತ್ತಿದ್ದೆ, ಮೊಬೈಲ್ ಬೆಳಕು ಹಿಡಿಯುತ್ತಿದ್ದೆ. ಮೇಷ್ಟ್ರು ಬೆರಳಿನಲ್ಲಿ ತಡವಿ ನೋಡಿ "ಹೌದಮ್ಮ, ಇದೇ" ಎನ್ನುತ್ತಿದ್ದರು. ಬೆಂಗಳೂರಿನ ಗುಜರಿಯಿಂದ ಹುಡುಕಿ ತರಿಸಿದ ಚಕ್ರ, ಹೊಸ ಬೇರಿಂಗು, ಎಲ್ಲ ಒಂದೊಂದಾಗಿ ಒಳಗೆ ಸೇರುತ್ತಿದ್ದವು. ಕೆಲಸ ಮುಗಿಯುತ್ತ ಬಂದಷ್ಟೂ ಅಮ್ಮನ ಮುಖ ಬಾಡುತ್ತಿತ್ತು.

ಒಂದು ಸಂಜೆ ಅವರು ನನ್ನನ್ನು ಅಡುಗೆಮನೆಗೆ ಕರೆದು ಕೈ ಹಿಡಿದುಕೊಂಡರು. "ನೀನು ಷೆಡ್ಡಿಗೆ ಹೋಗ್ಬೇಡ ಕಣೇ. ನೀನಿಲ್ದಿದ್ರೆ ಅದು ಮುಗಿಯಲ್ಲ. ಮುಗಿದ್ರೆ ಅವ್ರು ಓಡಿಸ್ತಾರೆ. ಕಣ್ಣು ಕಾಣ್ದೆ ಓಡಿಸ್ತಾರೆ. ವದ್ದಮ್ಮಾ, ವದ್ದು… ಬೇಡ ಕಣೇ."

ಮರುದಿನವೂ ಲ್ಯಾಬು ಮುಗಿಸಿ ಷೆಡ್ಡಿಗೆ ಹೋದೆ. ಮೇಲೆ ತಗಡಿನ ಷೀಟು, ಕೆಳಗೆ ಎಣ್ಣೆ ಹೀರಿದ ಮಣ್ಣು, ನಡುವೆ ನಾನು. ಅವತ್ತಿನಿಂದ ಷೆಡ್ಡಿನೊಳಗೆ ಕಾಲಿಟ್ಟರೆ ಬೆನ್ನ ಹಿಂದೆ ಅಮ್ಮ ನಿಂತಿದ್ದಾರೆ ಎನಿಸುತ್ತಿತ್ತು.

ಆಮೇಲೊಂದು ದಿನ ಗೇರ್ ಹಿಡಿಯುವ ಪುಟ್ಟ ಗುಂಡೊಂದು ಕಾಣೆಯಾಯಿತು. ಹಾಕಿದ ಗೇರು ಕಳಚಿಕೊಳ್ಳದಂತೆ ಹಿಡಿದಿಡುವುದು ಒಂದು ಸ್ಪ್ರಿಂಗು ಮತ್ತು ಕಡಲೆಕಾಳಿನಷ್ಟು ಉಕ್ಕಿನ ಗುಂಡು. ಕೊನೆಗೆ ಅದನ್ನು ಕೂರಿಸಬೇಕು. ತಟ್ಟೆಯಲ್ಲಿ ಸ್ಪ್ರಿಂಗಿತ್ತು, ಗುಂಡಿರಲಿಲ್ಲ.

"ಬೇರಿಂಗ್ ಅಂಗಡೀಲಿ ಇನ್ನೊಂದು ತರ್ತೀನಿ ಮೇಷ್ಟ್ರೇ" ಎಂದೆ.

"ಇನ್ನೊಂದು ಸಿಗುತ್ತಮ್ಮ. ಹಳೇದು ಎಲ್ಲಿ ಬಿತ್ತು? ಒಳಗೆ ಬಿದ್ದಿದ್ರೆ?"

ಒಳಗೆ ಬಿದ್ದಿದ್ದರೆ ಓಡುವಾಗ ಹಲ್ಲುಗಳ ಮಧ್ಯೆ ಸಿಕ್ಕಿ ಎಲ್ಲ ಪುಡಿಯಾಗುತ್ತದೆ. ರಸ್ತೆಯ ನಡುವೆ ಕಾರಿನ ಚಕ್ರವೇ ಕಚ್ಚಿಕೊಳ್ಳಬಹುದು. ನಾವು ನೆಲ ಗುಡಿಸಿದೆವು, ಅಯಸ್ಕಾಂತಕ್ಕೆ ದಾರ ಕಟ್ಟಿ ಒಳಗೆ ಇಳಿಬಿಟ್ಟೆವು. ಬರಿಯ ಎಣ್ಣೆ ಬಂತು. ಮರುದಿನ ಬೆಳಿಗ್ಗೆ ಇಳಿದು ಬಂದರೆ ಮೇಷ್ಟ್ರು ಒಬ್ಬರೇ ಕೂತು, ತಿಂಗಳುಗಟ್ಟಲೆ ಕೂಡಿಸಿದ್ದನ್ನೆಲ್ಲ ಮತ್ತೆ ಬಿಚ್ಚುತ್ತಿದ್ದರು. ಬೆರಳು ಕುಯ್ದು ರಕ್ತ ಎಣ್ಣೆಯಲ್ಲಿ ಬೆರೆತಿತ್ತು. ಅದು ಅವರಿಗೆ ಕಂಡಿರಲಿಲ್ಲ.

"ನಾನೇ ಬೀಳ್ಸಿದೀನಿ ಕಣಮ್ಮ. ಕೈಯಲ್ಲಿರೋದು ಬಿದ್ರೂ ಗೊತ್ತಾಗ್ಲಿಲ್ಲ ಅಂದ್ರೆ… ನನ್ನ ಕಣ್ಣು ಪೂರ್ತಿ ಹೋಯ್ತು ಅಂತ್ಲೇ ಅರ್ಥ."

ತಿರುಗಿದರೆ ಬಾಗಿಲಲ್ಲಿ ಅಮ್ಮ. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಬಂದು ಮೇಷ್ಟ್ರ ಅಂಗೈ ಬಿಡಿಸಿ ಏನೋ ಇಟ್ಟು, ಬೆರಳುಗಳನ್ನು ಮಡಚಿದರು.

ಮೇಷ್ಟ್ರು ಹೆಬ್ಬೆರಳಿನಲ್ಲಿ ಅದನ್ನು ಉರುಳಿಸಿ ನೋಡಿದರು. "ಎಲ್ಲಿತ್ತು?"

"ಸಾಸಿವೆ ಡಬ್ಬೀಲಿ."

ಮೇಷ್ಟ್ರು ಗುಂಡನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು.

"ಅಷ್ಟೊಂದು ಭಯಾನೇನೇ?"

"ಹೂಂ ರೀ. ಅಷ್ಟೊಂದು ಭಯ." ಅಮ್ಮ ಸೆರಗಿನಿಂದ ಅವರ ಬೆರಳಿನ ರಕ್ತ ಒರೆಸಿದರು. "ಜೋಡಿಸ್ಕೊಳ್ಳಿ. ನಾನು ಕೂತ್ಕೊಳ್ತೀನಿ. ಆದ್ರೆ ನೀವು ಓಡಿಸ್ಬಾರ್ದು."

ಕಾರಿನಲ್ಲಿರುವುದು ಎರಡೇ ಸೀಟು. ಮೇಷ್ಟ್ರಿಗೆ ಅದರ ಅರ್ಥ ತಕ್ಷಣ ಆಯಿತು. ಗುಂಡನ್ನು ತಟ್ಟೆಯಲ್ಲಿ ಸ್ಪ್ರಿಂಗಿನ ಪಕ್ಕಕ್ಕೆ ಇಟ್ಟು "ಆಗ್ಲಿ. ನೀವಿಬ್ರೂ ಹೋಗ್ಬನ್ನಿ. ನಾನು ನಿಂತು ಕೇಳಿಸ್ಕೊಳ್ತೀನಿ" ಎಂದರು.

ನಾನು ಡ್ರೈವಿಂಗ್ ಕಲಿತು ವರ್ಷವೂ ಆಗಿರಲಿಲ್ಲ. ಗೇರ್‌ಬಾಕ್ಸ್ ಕಾರಿಗೆ ಏರಿದ ಮೇಲೆ ಮೇಷ್ಟ್ರು ಮೈದಾನದಲ್ಲಿ ನನ್ನಿಂದ ಸುತ್ತು ಹೊಡೆಸಿ ಹೊಡೆಸಿ ಕಿವಿಗೊಟ್ಟರು. ಕೊನೆಗೊಂದು ಬೆಳಿಗ್ಗೆ, ಊರಾಚೆ ಕೆರೆಯ ಏರಿಯಿಂದ ಇಳಿಯುವ ರಸ್ತೆಯ ಬುಡದಲ್ಲಿ, ಆಟೋದಲ್ಲಿ ಬಂದ ಅವರನ್ನು ನಿಲ್ಲಿಸಿ, ನಾನೂ ಅಮ್ಮನೂ ಕಾರಿನಲ್ಲಿ ಏರಿಯ ಮೇಲಕ್ಕೆ ಹೋದೆವು.

ಇಳಿಜಾರಿನ ತುದಿಯಲ್ಲಿ ಎರಡನೇ ಗೇರು ಹಾಕಿದೆ. ಕಾರು ಮುಂದಕ್ಕೆ ಬಾಗಿದಾಗ ಅಮ್ಮ "ದೇವುಡಾ" ಎಂದು ನನ್ನ ಕೈಯ ಮೇಲೆ, ಗೇರಿನ ಹಿಡಿಯ ಮೇಲೆ, ತಮ್ಮ ಬಲಗೈಯನ್ನು ಬಿಗಿಯಾಗಿ ಒತ್ತಿ ಹಿಡಿದರು. ಎಂಜಿನ್ನು ಗೊರಗೊರ ಎನ್ನುತ್ತ ಕಾರನ್ನು ಹಿಡಿದಿತ್ತು. ಗೇರಿನ ಹಿಡಿ ಅದುರುತ್ತಿತ್ತು. ಈಗ ಕಳಚುತ್ತದೆ, ಈಗ ಕಳಚುತ್ತದೆ… ಕಳಚಲಿಲ್ಲ. ಗೇರು ತಾನಾಗಿ ನಿಂತಿತೋ, ನಮ್ಮ ಎರಡು ಕೈ ಹಿಡಿದದ್ದಕ್ಕೆ ನಿಂತಿತೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಕೆಳಗೆ ಮೇಷ್ಟ್ರು ಸದ್ದು ಬಂದ ಕಡೆಗೆ ಮುಖ ಮಾಡಿ ನಿಂತಿದ್ದರು. "ಗೇರು ನಿಂತ್ಕೊಂಡ್ತಾ?"

"ನಿಂತ್ಕೊಂಡ್ತು ರೀ. ಬಂಡೆ ಥರ" ಎಂದರು ಅಮ್ಮ.

ಮುಂದಿನ ವರ್ಷ ನನಗೆ ಚಿಕ್ಕಬಳ್ಳಾಪುರದಲ್ಲಿ ಕೆಲಸ ಸಿಕ್ಕಿತು. ಮೇಷ್ಟ್ರ ಕಣ್ಣು ಪೂರ್ತಿ ಹೋಯಿತೆಂದೂ, ಆಮೇಲೆ ಅವರೇ ಹೋದರೆಂದೂ ತಡವಾಗಿ ತಿಳಿಯಿತು.

ಆ ಗ್ಯಾರೇಜಿನ ಮುಂದೆ ನಿಂತ ಮೇಲೆ ತಡೆಯಲಾಗಲಿಲ್ಲ. ಮೊನ್ನೆ ಭಾನುವಾರ ಗೌರಿಬಿದನೂರಿಗೆ ಹೋದೆ. ಅಮ್ಮ ತಮ್ಮ ತಂಗಿಯ ಜೊತೆ ಅದೇ ಮನೆಯಲ್ಲಿದ್ದಾರೆ. ಕಾರನ್ನು ಮಾರಿಬಿಟ್ಟಿದ್ದಾರೆ. ಕಾಫಿ ಕೊಟ್ಟು ಎದುರಿಗೆ ಕೂತು ಹೇಳಿದರು: "ಕಣ್ಣು ಹೋದ್ಮೇಲೆ ದಿನಾ ಕೇಳೋರು ಕಣೇ. ಏರಿಯಿಂದ ಹೆಂಗೆ ಇಳಿದ್ರಿ ಹೇಳೇ, ಅಂತ. ದಿನಾ ಹೇಳ್ತಿದ್ದೆ. ಇಲ್ದಿದ್ದನ್ನೂ ಸ್ವಲ್ಪ ಸ್ವಲ್ಪ ಸೇರ್ಸಿ ಸೇರ್ಸಿ ಹೇಳ್ತಿದ್ದೆ. ಈಗ ಕೇಳೋರೇ ಇಲ್ಲ."

"ನಾನಿದೀನಲ್ಲಮ್ಮ, ನಂಗೆ ಹೇಳಿ" ಎಂದೆ.

ಅಮ್ಮ ಹೇಳಲು ಹೊರಟರು. ನನ್ನನ್ನೇ ನೋಡಿದರು.

"ನೀನು ಅಲ್ಲೇ ಇದ್ದೆಯಲ್ಲೇ… ನಿಂಗೆ ಹೆಂಗೆ ಹೇಳ್ಲಿ?"