ಎರಡು ಮಾತು ಮತ್ತು ಬಿಳಿ ಪುಡಿ

ಹನ್ನೊಂದು ದಿನ ಸಂಜೆಯ ಟೀಯನ್ನು ನಾನೇ ಮಾಡಿ, ನಾನೇ ಕುಡಿದು, ಲೋಟವನ್ನು ನಾನೇ ತೊಳೆದಿಟ್ಟೆ. ಈ ಗಂಭೀರ ವಿಷಯವನ್ನು ನಾಡಿನ ಗಮನಕ್ಕೆ ತರುವುದು ಅಂಕಣಕಾರನ ಕರ್ತವ್ಯ.

ಅದಕ್ಕೆ ಮೊದಲು ಆ ಹೊತ್ತಿಗೆ ಅಮೀರ್ ಸಾಹೇಬರು ಬರುತ್ತಿದ್ದರು. ಶಿಡ್ಲಘಟ್ಟದಲ್ಲಿ ರೀಲರ್; ಗೂಡು ಬೇಯಿಸಿ ರೇಷ್ಮೆ ನೂಲು ತೆಗೆಸುವವರು. ನಾನು ನಿವೃತ್ತ ಕೆಮಿಸ್ಟ್ರಿ ಮೇಷ್ಟ್ರು. (ಹೆಂಡತಿ ತೀರಿಹೋಗಿ ಎರಡು ವರ್ಷ. ನೀವು ಬಲ್ಲಿರಿ, ಆ ವಾರ ಅಂಕಣ ಇರಲಿಲ್ಲ.) ನನ್ನ ಮನೆಯಲ್ಲಿ ನನ್ನದಲ್ಲದ ದನಿ ಕೇಳುತ್ತಿದ್ದುದು ಆ ಅರ್ಧ ಗಂಟೆ ಮಾತ್ರ.

ಆ ದನಿ ನಿಂತದ್ದು ಹೀಗೆ. ಸಾಹೇಬರ ಮಗಳು ಶಾಹೀನಾ, ನನ್ನ ಹಳೆಯ ಶಿಷ್ಯೆ, ಪಿಎಚ್‌.ಡಿ. ಮುಗಿಸಿದಳು. ಊರಿನವರು ಸನ್ಮಾನ ಇಟ್ಟುಕೊಂಡರು. "ಮೇಷ್ಟ್ರು ಎರಡು ಮಾತಾಡ್ತಾರೆ" ಎಂದು ಮೈಕ್ ಕೊಟ್ಟರು. ಹುಡುಗಿಯನ್ನು ಹೊಗಳಿದೆ. ಚಪ್ಪಾಳೆ. ಅಲ್ಲಿಗೆ ಕೂರಬಹುದಿತ್ತು. ಕೂತೆನೇ?

"ಪಿಯುಸಿ ಆದ ಮೇಲೆ ಓದು ಸಾಕು ಅಂತ ಇವರಪ್ಪ ಮನೇಲಿ ಕೂರಿಸಿದ್ರು. ನಾನು ಮೂರು ಸಲ ಹೋಗಿ ಬಗ್ಗಿಸಿದೆ" ಎಂದೆ.

ಊರಿನ ರೀಲರ್‌ಗಳೆಲ್ಲ ನಕ್ಕರು. ಅಮೀರ್ ಸಾಹೇಬರು ತೊಡೆಯ ಮೇಲಿನ ಶಾಲಿನ ಮಡಿಕೆ ಸರಿಮಾಡಿಕೊಂಡರು. ಮರುದಿನ ಅವರ ಸ್ಕೂಟರ್ ನನ್ನ ಮನೆ ಮುಂದೆ ನಿಲ್ಲಲಿಲ್ಲ. ಅದರ ಮರುದಿನವೂ.

ಮೊನ್ನೆ ಬೆಳಿಗ್ಗೆ ಶಾಹೀನಾ ತನ್ನ ಥೀಸಿಸ್‌ನ ಪ್ರತಿ ಕೊಡಲು ಬಂದಳು. ಕನ್ನಡಕ ಸಿಗಲಿಲ್ಲ. "ಬಾಯಲ್ಲೇ ಹೇಳಮ್ಮ" ಎಂದೆ.

"ವೆಲ್ಡಿಂಗ್ ಅಂಗಡಿ ಗ್ಯಾಸ್ ಇದೆಯಲ್ಲ ಸರ್, ಅಸಿಟಿಲೀನ್? ಅದಕ್ಕೆ ಒಂದು ಜೊತೆ ಹೈಡ್ರೋಜನ್ ಸೇರಿಸಿದ್ರೆ ಎಥಿಲೀನ್. ಪ್ಲಾಸ್ಟಿಕ್ ಮಾಡೋರಿಗೆ ಅದೇ ಬೇಕು. ಅಲ್ಲೇ ನಿಲ್ಲಬೇಕು. ಇನ್ನೊಂದು ಜೊತೆ ಸೇರಿದ್ರೆ ಈಥೇನ್. ಅವರಿಗೆ ಬೇಡ."

"ಸೇರಿಸೋ ಲೋಹ ಪಲ್ಲಾಡಿಯಂ ತಾನೆ?"

"ಹೂಂ. ಆದ್ರೆ ಎಲ್ಲಿ ನಿಲ್ಲಿಸ್ಬೇಕು ಅಂತ ಅದಕ್ಕೆ ಗೊತ್ತಾಗಲ್ಲ. ಅದಕ್ಕೇ ಟೈಟಾನಿಯಂ ಡೈಆಕ್ಸೈಡ್ ಮೇಲೆ ಕೂರಿಸ್ತೀವಿ. ಗೋಡೆ ಪೇಂಟಿಗೆ ಹಾಕೋ ಬಿಳಿ ಪುಡಿ ಸರ್. ಹೈಡ್ರೋಜನ್‌ನಲ್ಲಿ ಚೆನ್ನಾಗಿ ಕಾಯಿಸಿದ್ರೆ ಪುಡಿ ಮೆಲ್ಲಗೆ ಲೋಹದ ಮೇಲೆ ಹತ್ತಿ ಅರ್ಧಂಬರ್ಧ ಮುಚ್ಚುತ್ತೆ. ತನ್ನ ಎಲೆಕ್ಟ್ರಾನೂ ಒಂದಿಷ್ಟು ಕೊಡುತ್ತೆ. ಆಮೇಲೆ ಎಥಿಲೀನ್ ಅಲ್ಲಿ ಅಂಟಿಕೊಂಡಿರಲ್ಲ, ಈಥೇನ್ ಆಗೋ ಮೊದಲೇ ಬಿಟ್ಟು ಹೊರಡುತ್ತೆ. ಪೂರ್ತಿ ಮುಚ್ಚಿದ್ರೆ ಮಾತ್ರ ಕೆಲಸಾನೇ ನಿಂತುಹೋಗುತ್ತೆ."

"ಹೆಸರು ಮಾತ್ರ ಪಲ್ಲಾಡಿಯಂಗೆ."

"ಪುಡೀನ ಬರೀ ಆಧಾರ ಅಂತಾರೆ ಸರ್."

ಅವಳು ಹೋದ ಮೇಲೆ ನನ್ನ ಹಳೆಯ ಭಾಷಣಗಳು ನೆನಪಾದವು. ಚಿಂತಾಮಣಿಯಿಂದ ಗೌರಿಬಿದನೂರಿನವರೆಗೆ ಮೂವತ್ತು ವರ್ಷ ಭಾಷಣ ಮಾಡಿದ್ದೇನೆ. ಚುಟುಕಾಗಿ ಮಾತಾಡುವವನೆಂದು ಹೆಸರಿತ್ತು. ಅದು ನನ್ನದೇ ಗುಣ ಎಂದುಕೊಂಡಿದ್ದೆ. ಮೊದಲ ಸಾಲಿನಲ್ಲಿ ಕೂತ ನನ್ನ ಹೆಂಡತಿ, ಸಮಯ ನೋಡಿ, ತನ್ನ ಬ್ಯಾಗಿನ ಜಿಪ್ ಎಳೆಯುತ್ತಿದ್ದಳು. ಅಷ್ಟೇ. ನಾನು ಧನ್ಯವಾದ ಹೇಳಿ ಕೂತುಬಿಡುತ್ತಿದ್ದೆ. ಇದರ ಬಗ್ಗೆ ನಾವಿಬ್ಬರೂ ಒಂದು ದಿನವೂ ಮಾತಾಡಿರಲಿಲ್ಲ.

ಸಂಜೆ ಸಾಹೇಬರ ಶೆಡ್ಡಿಗೆ ಹೋದೆ. ಬೆಂದ ಗೂಡಿನ ವಾಸನೆ. "ತಪ್ಪಾಯ್ತು ಸಾಹೇಬ್ರೆ" ಎಂದೆ.

"ನೀವು ಹೇಳಿದ್ದು ಸುಳ್ಳಲ್ಲ ಮೇಷ್ಟ್ರೆ. ಅದಕ್ಕೇ ಬೇಜಾರು."

ಉತ್ತರ ಬಾಯಿಗೆ ಬಂತು, ಪೀಠಿಕೆ ಸಮೇತ. ನುಂಗಿದೆ. ಅವರು ಕಾಲಲ್ಲೇ ಸ್ಟೂಲನ್ನು ನನ್ನ ಕಡೆ ತಳ್ಳಿದರು. ಟೀ ಬಂತು. ಕುಡಿದೆವು. (ಇದನ್ನು ಬರೆಯಲು ಅವರ ಒಪ್ಪಿಗೆ ಇದೆ. ಈ ಸಲ ಕೇಳಿದೆ.)

ಇನ್ನೂ ಎರಡು ಪ್ಯಾರಾ ಬರೆಯುವ ಮನಸ್ಸಿದೆ. ಎದುರಿನ ಕುರ್ಚಿಯ ಮೇಲೆ ಹೆಂಡತಿಯ ಆ ಬ್ಯಾಗ್ ಇದೆ, ಬಾಯಿ ತೆರೆದುಕೊಂಡು.

ಒಂದು ನಿಮಿಷ, ನಾನೇ ಎದ್ದು ಹೋಗಿ ಜಿಪ್ ಎಳೆಯುತ್ತೇನೆ.